ಬೇಸಿಗೆ ಕಾಡಿನಲ್ಲಿ ಸಣ್ಣದನ್ನು ನೋಡುವುದು ಹೇಗೆ: ಬೊರಿವಲಿ ಕಾಡಿನ ನಡಿಗೆಗೆ ಒಂದು ಸಮಗ್ರ ಮಾರ್ಗದರ್ಶಿ

ಮೇ ತಿಂಗಳು ಬಂತೆಂದರೆ ಮುಂಬೈ ಕನ್ನಡಿಗರು ಎರಡು ಪಾಲಾಗುತ್ತಾರೆ. ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಸಿಕ್ಕಿ ಊರಿಗೆ ಹೋದವರು ಒಂದು ಕಡೆ. ಟಿಕೆಟ್ ಸಿಗದೆ ಇಲ್ಲೇ ಬೆವರು ಒರೆಸಿಕೊಳ್ಳುತ್ತಾ ಉಳಿದವರು ಇನ್ನೊಂದು ಕಡೆ. ಈ ಬರಹ ಎರಡನೆಯವರಿಗೆ. ಬೊರಿವಲಿ ಪೂರ್ವದಲ್ಲಿ ಇಳಿದು ರಿಕ್ಷಾ ಹತ್ತಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದೂರವೇನಿಲ್ಲ. ಒಳಗೆ ಸುಮಾರು 104 ಚದರ ಕಿಲೋಮೀಟರ್ ಕಾಡು. ತುಳಸಿ, ವಿಹಾರ ಎಂಬ ಎರಡು ಕೆರೆ, ಕಾನ್ಹೇರಿ ಗುಹೆಗಳು, ಚಿರತೆ, ಜಿಂಕೆ ಎಲ್ಲವೂ ಇವೆ.

"ಬೇಸಿಗೆಯಲ್ಲಿ ಅಲ್ಲಿ ನೋಡೋಕೆ ಏನಿದೆ, ಎಲ್ಲ ಒಣಗಿ ನಿಂತಿರುತ್ತೆ ಅಲ್ವಾ?" ಅನ್ನುವವರೇ ಜಾಸ್ತಿ. ಅವರೆಲ್ಲ ಜುಲೈಯಲ್ಲಿ ಹೋಗುತ್ತಾರೆ, ಹಸಿರು ನೋಡುತ್ತಾರೆ, ಫೋಟೋ ತೆಗೆದು ಬರುತ್ತಾರೆ. ಅದೂ ಚೆಂದವೇ. ಆದರೆ ಮಳೆಗಾಲದ ಹಸಿರು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿ ತೊಗಟೆ, ಗೂಡು, ಮೊಗ್ಗು, ಕಾಯಿ, ಹೆಜ್ಜೆ ಗುರುತು ಎಲ್ಲ ಬಯಲಿಗೆ ಬರುತ್ತವೆ. ನೀರು ಎಲ್ಲೆಲ್ಲೋ ಸಿಗುವುದಿಲ್ಲ, ಹಾಗಾಗಿ ಯಾವ ಜೀವಿ ಎಲ್ಲಿ ಸೇರೀತು ಅಂತ ಊಹಿಸುವುದೂ ಸುಲಭ. ಸಣ್ಣದನ್ನು ನೋಡಲು ಕಣ್ಣು ಪಳಗಿಸಬೇಕಾದರೆ ಇದೇ ಒಳ್ಳೆಯ ಕಾಲ.

ಮೊದಲು ದಿನ ಮತ್ತು ದಾರಿ ಗೊತ್ತುಮಾಡಿ

ಬೇಸಿಗೆ ಅಂದರೆ ಮೂರು ತಿಂಗಳೂ ಒಂದೇ ಅಲ್ಲ. ಮಾರ್ಚಿನಲ್ಲಿ ಮುತ್ತುಗ, ಬೂರುಗ ಎಲೆಯಿಲ್ಲದ ಕೊಂಬೆಯಲ್ಲಿ ಹೂ ಬಿಟ್ಟಿರುತ್ತವೆ. ಇಲ್ಲಿಯವರು ಕುಸುಂಬ ಅನ್ನುವ ಸಾಗಡೆ ಮರ ಪೂರ್ತಿ ಕೆಂಪು ಚಿಗುರು ಹೊದ್ದು ನಿಂತಿರುತ್ತದೆ. ದೂರದಿಂದ ಅದೇ ಹೂವು ಅನಿಸುತ್ತದೆ. ಏಪ್ರಿಲ್‌ನಲ್ಲಿ ಬೂರುಗದ ಕಾಯಿ ಒಡೆದು ಹತ್ತಿ ಹಾರಲು ಶುರು. ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ಕಕ್ಕೆ ಹೂವಿನ ಕಾಲ. ಮೇ ಎರಡನೇ ಅರ್ಧದಲ್ಲಿ ಜೀರುಂಡೆಗಳ ಗದ್ದಲ, ಕರಂಡೆ ಹಣ್ಣು, ಕೊನೆಗೆ ನವರಂಗ ಹಕ್ಕಿಯ ಕೂಗು. ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಅಲ್ಲಿಯವರೆಗೆ ನಿಮಗೆ ಸಮಯವಿದೆ. ಒಂದೇ ಸಲ ಹೋಗಲು ಸಾಧ್ಯ ಅನ್ನುವವರಿಗೆ ನನ್ನ ಸಲಹೆ ಮೇ ಮೂರನೇ ವಾರ. ಸೆಖೆ ಜಾಸ್ತಿ, ಆದರೆ ಕಾಣುವುದೂ ಜಾಸ್ತಿ.

ಸೋಮವಾರ ಉದ್ಯಾನಕ್ಕೆ ರಜೆ. ಉಳಿದ ದಿನ ಗೇಟು ತೆರೆದ ಕೂಡಲೇ ಒಳಗಿರಿ. ಹತ್ತು ಗಂಟೆ ದಾಟಿತೆಂದರೆ ಹಕ್ಕಿಗಳು ಸುಮ್ಮನಾಗುತ್ತವೆ, ನಿಮ್ಮ ತಾಳ್ಮೆಯೂ ಕರಗುತ್ತದೆ. ಗೇಟಿನ ಸಮಯ, ಟಿಕೆಟ್ ದರ ಆಗಾಗ ಬದಲಾಗುತ್ತವೆ. ಹೋಗುವ ಮುನ್ನ ಒಮ್ಮೆ ವಿಚಾರಿಸಿ.

ಹೊಸಬರಿಗೆ ಮುಖ್ಯ ಗೇಟಿನಿಂದ ಕಾನ್ಹೇರಿ ಗುಹೆಗಳ ಕಡೆ ಹೋಗುವ ಡಾಂಬರು ರಸ್ತೆಯೇ ಸಾಕು. ಎರಡೂ ಬದಿ ದೊಡ್ಡ ಮರಗಳು, ಜನರ ಓಡಾಟವೂ ಇರುತ್ತದೆ. "ಡಾಂಬರು ರಸ್ತೆಯಲ್ಲಿ ಎಂಥ ಕಾಡು" ಅಂತ ಮೂಗು ಮುರಿಯಬೇಡಿ. ಸಣ್ಣ ಸಂಗತಿ ನೋಡುವವರಿಗೆ ರಸ್ತೆಯ ಅಂಚು ಬಹಳ ಒಳ್ಳೆಯ ಜಾಗ. ಅಲ್ಲಿ ಬೆಳಕು ಬೀಳುತ್ತದೆ, ಕಾಡು ಮತ್ತು ಬಯಲು ಎರಡರ ಜೀವಿಗಳೂ ಸಿಗುತ್ತವೆ. ಶಿಲೋಂಡಾ ಥರದ ಒಳದಾರಿಗಳಿಗೆ ಅನುಮತಿ ಪಡೆದು, ಗೊತ್ತಿರುವವರ ಜೊತೆಗೇ ಹೋಗಬೇಕು. ಗೋರೆಗಾಂವ್ ಕಡೆಯವರಾದರೆ ಫಿಲ್ಮ್ ಸಿಟಿ ಪಕ್ಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂರಕ್ಷಣಾ ಶಿಕ್ಷಣ ಕೇಂದ್ರ ಇದೆ. 1883ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಲ್ಲಿಯ ಕಾಡುದಾರಿ ಚಿಕ್ಕದು, ಮಕ್ಕಳ ಜೊತೆ ಹೋಗುವವರಿಗೆ ಚೆನ್ನ. ಪುಣೆಯಲ್ಲಿರುವವರು ಇದೇ ಕ್ರಮವನ್ನು ವೇತಾಳ ಟೇಕಡಿಯಲ್ಲಿ ಪ್ರಯತ್ನಿಸಬಹುದು, ಮರಗಳು ಮಾತ್ರ ಸ್ವಲ್ಪ ಬೇರೆ.

ಬ್ಯಾಗಿನಲ್ಲಿ ಏನಿರಬೇಕು

ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಮುಂಬೈ ಬೇಸಿಗೆಯಲ್ಲಿ ಬೆವರು ಆರುವುದಿಲ್ಲ, ಅದಕ್ಕೇ ಬೇಗ ಸುಸ್ತಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ ತಂದರೆ ಇನ್ನೂ ಒಳ್ಳೆಯದು. ಪೂರ್ತಿ ತೋಳಿನ ಮಾಸಲು ಬಣ್ಣದ ಅಂಗಿ, ಟೋಪಿ, ಮುಚ್ಚಿದ ಶೂ. ಸೆಂಟು ಬೇಡವೇ ಬೇಡ. ಹೆಜ್ಜೇನು ಗೂಡು ಹತ್ತಿರದಲ್ಲಿದ್ದರೆ ವಾಸನೆಯೇ ಆಪತ್ತು.

ಇನ್ನು ನೋಡುವ ಸಾಮಾನು. ಒಂದು ಭೂತಗನ್ನಡಿ, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು ಇದ್ದರೆ ಉತ್ತಮ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ನೋಡಬೇಕಾದ ವಸ್ತುವನ್ನು ಅದರ ಬಳಿ ತರಬೇಕು. ಸಿನಿಮಾದ ಪತ್ತೇದಾರನಂತೆ ಕೈ ಚಾಚಿ ಹಿಡಿದರೆ ಏನೂ ಕಾಣದು. ಬೈನಾಕ್ಯುಲರ್ ಇದ್ದರೆ ಭೂತಗನ್ನಡಿ ಇಲ್ಲದಿದ್ದರೂ ನಡೆಯುತ್ತದೆ. ಅದನ್ನು ತಿರುಗಿಸಿ, ದೊಡ್ಡ ಗಾಜಿನ ಕಡೆಯಿಂದ ನೋಡುತ್ತಾ ಸಣ್ಣ ಗಾಜನ್ನು ಹೂವಿಗೋ ಹುಳಕ್ಕೋ ಎರಡು ಬೆರಳಿನಷ್ಟು ಹತ್ತಿರ ತನ್ನಿ. ಒಳ್ಳೆ ಭೂತಗನ್ನಡಿಯೇ ಆಗಿಬಿಡುತ್ತದೆ. ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್. ಬೆವರಿನ ಕೈಗೆ ಪೆನ್ನಿನ ಶಾಯಿ ಹರಡುತ್ತದೆ.

ದೂರ ಕಡಿಮೆ ಮಾಡಿ, ಹೊತ್ತು ಜಾಸ್ತಿ ಕೊಡಿ

ಇಡೀ ವಿದ್ಯೆಯ ಬೇರು ಇದೇ. ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರಿಗೆ ಕಾಡು ಒಂದು ಹಿನ್ನೆಲೆ ಮಾತ್ರ. ಮೊದಲ ಸಲ ಎರಡು ಗಂಟೆಗೆ ಒಂದು ಕಿಲೋಮೀಟರ್ ಸಾಕು ಅಂತ ಮೊದಲೇ ತೀರ್ಮಾನಿಸಿ. ಜೊತೆಗೆ ಬರುವವರಿಗೂ ಹೇಳಿಡಿ. ಇಲ್ಲದಿದ್ದರೆ "ಗುಹೆ ಯಾವಾಗ ಬರುತ್ತೆ?" ಅಂತ ಹತ್ತು ಹೆಜ್ಜೆಗೊಮ್ಮೆ ಕೇಳುತ್ತಾರೆ. ಮೂರು ನಾಲ್ಕು ಜನಕ್ಕಿಂತ ದೊಡ್ಡ ಗುಂಪಾದರೆ ಮಾತೇ ಜಾಸ್ತಿಯಾಗುತ್ತದೆ.

ಒಳಗೆ ಹೊಕ್ಕ ಮೇಲೆ ಒಂದು ಕಡೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮನುಷ್ಯ ಬಂದ ಅಂತ ಬಾಯಿ ಮುಚ್ಚಿದ್ದ ಹಕ್ಕಿಗಳು ಮತ್ತೆ ಶುರುಮಾಡಲು ಅಷ್ಟು ಹೊತ್ತು ಬೇಕು. ಆಮೇಲೆ ಒಂದು ಮರ ಆರಿಸಿಕೊಳ್ಳಿ. ಅದರ ಬುಡ, ಕಾಂಡ, ಕೊಂಬೆ, ಕೆಳಗಿನ ನೆಲ, ಈ ನಾಲ್ಕನ್ನು ಬಿಟ್ಟು ಬೇರೇನೂ ನೋಡುವುದಿಲ್ಲ ಅಂತ ಕಾಲು ಗಂಟೆ ಕಳೆಯಿರಿ. ನೋಡುವಾಗ ಹೆಸರು ಹುಡುಕುವ ಆತುರ ಬೇಡ. ಇಲ್ಲಿ ಯಾರು ತಿಂದಿದ್ದಾರೆ? ಯಾರು ವಾಸ ಮಾಡುತ್ತಿದ್ದಾರೆ? ಯಾರು ಬಿಟ್ಟು ಹೋಗಿದ್ದಾರೆ? ಈ ಮೂರು ಪ್ರಶ್ನೆ ಹಿಡಿದು ಹೋದರೆ ಕಣ್ಣಿಗೆ ಕೆಲಸ ಸಿಗುತ್ತದೆ. ಕಚ್ಚಿದ ಎಲೆ, ತೂತು ಬಿದ್ದ ಕಾಯಿ, ಖಾಲಿ ಗೂಡು ಎಲ್ಲವೂ ಒಂದೊಂದು ಉತ್ತರ.

ತೊಗಟೆಯಿಂದ ಶುರುಮಾಡಿ

ಹಕ್ಕಿ ಹಾರಿಹೋಗುತ್ತದೆ, ಚಿಟ್ಟೆ ನಿಲ್ಲುವುದಿಲ್ಲ. ತೊಗಟೆ ಎಲ್ಲಿಗೂ ಹೋಗುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಮೊದಲು ಮತ್ತಿ ಮರ ಹುಡುಕಿ. ಮರಾಠಿಯಲ್ಲಿ ಐನ್. ಕಪ್ಪು ಬೂದು ತೊಗಟೆ ಚೌಕ ಚೌಕವಾಗಿ ಆಳವಾಗಿ ಬಿರಿದಿರುತ್ತದೆ. ಮೊಸಳೆ ಚರ್ಮದ ಮರ ಅಂತಲೇ ಇದಕ್ಕೆ ಇಂಗ್ಲಿಷಿನಲ್ಲಿ ಹೆಸರು. ಊರ ಕಡೆ ಕಾಡು ಸುತ್ತಿದವರಿಗೆ ಇದು ಹಳೆಯ ಪರಿಚಯ. ಕೆಲವು ಮತ್ತಿ ಮರಗಳು ಬೇಸಿಗೆಯಲ್ಲಿ ಕಾಂಡದೊಳಗೆ ನೀರು ಕೂಡಿಟ್ಟುಕೊಳ್ಳುತ್ತವೆ. ಹಾಗಂತ ಪರೀಕ್ಷೆ ಮಾಡಲು ಹೋಗಬೇಡಿ.

ಈಗ ಒಂದು ಉಪಾಯ. ಕಾಂಡದ ಎದುರು ನಿಂತು ನೋಡಬೇಡಿ. ಪಕ್ಕಕ್ಕೆ ಬಂದು, ಕೆನ್ನೆಯನ್ನು ಕಾಂಡಕ್ಕೆ ಒಂದು ಗೇಣು ದೂರದಲ್ಲಿಟ್ಟು, ಅಂಚಿನ ಉದ್ದಕ್ಕೂ ಮೇಲಕ್ಕೆ ನೋಡಿ. ಬೆಳಗಿನ ಓರೆ ಬೆಳಕಿನಲ್ಲಿ ತೊಗಟೆಗೆ ಅಂಟಿಕೊಂಡದ್ದೆಲ್ಲ ನೆರಳು ಬಿಡುತ್ತದೆ. ಎದುರಿನಿಂದ ಏನೂ ಇಲ್ಲದ ಜಾಗದಲ್ಲಿ ತೊಗಟೆ ಬಣ್ಣದ ಚಪ್ಪಟೆ ಸೂರ್ಯನ ಕುದುರೆ ಕಾಣಬಹುದು. ನೀವು ಕಂಡಿರಿ ಅಂತ ಗೊತ್ತಾದ ಕೂಡಲೇ ಅದು ಕಾಂಡದ ಆ ಬದಿಗೆ ಓಡುತ್ತದೆ. ಎರಡು ಬಾಲದ ಜೇಡವೂ ಹೀಗೇ ಸಿಗುತ್ತದೆ. ಬಾಲ ಅಂತ ಕಾಣುವುದು ನೂಲು ಬಿಡುವ ಉದ್ದನೆಯ ಅಂಗಗಳು. ಇದು ಬಲೆ ಕಟ್ಟಿ ಕಾಯುವುದಿಲ್ಲ. ಇರುವೆಯೋ ನೊಣವೋ ಬಂದರೆ ಅದರ ಸುತ್ತ ಗರಗರ ಓಡಿ ನೂಲಿನಿಂದ ತೊಗಟೆಗೇ ಕಟ್ಟಿಹಾಕುತ್ತದೆ.

ತೊಗಟೆ ಮೇಲೆ ಬೂದು, ಬಿಳಿ, ತಿಳಿ ಹಸಿರು ಮಚ್ಚೆಗಳಿರುತ್ತವೆ. ಅವು ಕಲ್ಲುಹೂವುಗಳು. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ. ಮರಾಠಿ ಮನೆಗಳ ಗೋಡಾ ಮಸಾಲೆಗೆ ಹಾಕುವ ದಗಡ್‌ಫೂಲ್ ಇದೇ ಬಳಗದ್ದು. ಭೂತಗನ್ನಡಿಯಲ್ಲಿ ನೋಡಿ. ಮಚ್ಚೆಯ ನಡುವೆ ಸಣ್ಣ ಬಟ್ಟಲುಗಳು, ಕಪ್ಪು ಗೀರುಗಳು ಕಾಣುತ್ತವೆ. ಬೇಸಿಗೆಯಲ್ಲಿ ಇವು ಒಣಗಿ ಸುಮ್ಮನಿರುತ್ತವೆ. ಮೊದಲ ಮಳೆ ಬಿದ್ದರೆ ಬಣ್ಣವೇ ಬದಲಾಗುತ್ತದೆ.

ಮೇ ತಿಂಗಳಲ್ಲಾದರೆ ಕಾಂಡದ ಮೇಲೆ, ಮೊಣಕಾಲಿನಿಂದ ಎದೆ ಎತ್ತರದವರೆಗೆ, ಕಂದು ಬಣ್ಣದ ಖಾಲಿ ಚಿಪ್ಪೊಂದು ಸಿಗಬಹುದು. ಜೀರುಂಡೆ ಬಿಟ್ಟುಹೋದ ಪೊರೆ. ನಾನು ಕಂಡವರಿಗೆಲ್ಲ ತೋರಿಸುವ ವಸ್ತು ಇದು, ಯಾಕೆಂದರೆ ಒಂದು ಇಡೀ ಜೀವನದ ಕಥೆ ಇದರಲ್ಲಿದೆ. ಮುಂಗಾಲು ನೋಡಿ. ದಪ್ಪ, ಒಳಕ್ಕೆ ಬಾಗಿದೆ, ಹಲ್ಲುಗಳಿವೆ. ಮಣ್ಣು ತೋಡುವ ಕಾಲು. ಮರಿ ಹುಳ ವರ್ಷಗಟ್ಟಲೆ ನೆಲದಡಿ ಬೇರಿನ ರಸ ಹೀರಿ ಬದುಕಿತ್ತು. ಕಾಲಿನ ಸಂದಿನಲ್ಲಿ, ಕಣ್ಣಿನ ಸುತ್ತ ಒಣ ಮಣ್ಣು ಇನ್ನೂ ಅಂಟಿರುತ್ತದೆ. ಬೆನ್ನಿನ ಮೇಲೆ ನೆಟ್ಟಗೆ ಒಂದು ಸೀಳು. ರೆಕ್ಕೆಯ ಜೀರುಂಡೆ ಹೊರಬಂದದ್ದು ಅಲ್ಲಿಂದ. ಸೀಳಿನೊಳಗೆ ಬಿಳಿ ನೂಲಿನಂಥ ಎಳೆಗಳು ಕಾಣುತ್ತವೆ. ಬಹಳ ಜನ ಜೇಡನ ಬಲೆ ಅಂದುಕೊಳ್ಳುತ್ತಾರೆ. ಅಲ್ಲ, ಅವು ಹುಳದ ಉಸಿರುನಾಳಗಳ ಒಳಪದರ. ಪೊರೆ ಕಳಚುವಾಗ ಅದೂ ಹೊರಗೆ ಎಳೆದು ಬರುತ್ತದೆ. ಮೈಚರ್ಮವಷ್ಟೇ ಅಲ್ಲ, ಉಸಿರಾಡುವ ಕೊಳವೆಯ ಒಳಮೈಯನ್ನೂ ಬದಲಿಸುವ ಜೀವಿ. ಚಿಪ್ಪು ಸಿಕ್ಕಿದರೆ ಆ ಮರದ ಬುಡದ ನೆಲವನ್ನೂ ನೋಡಿ. ಬೆರಳು ಹೋಗುವಷ್ಟು ದುಂಡಗಿನ ತೂತು ಇದ್ದರೆ ಅದು ಎದ್ದು ಬಂದ ದಾರಿ ಇರಬಹುದು.

ಇನ್ನೊಂದು ಮರವನ್ನು ತಪ್ಪಿಸಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಘೋಸ್ಟ್ ಟ್ರೀ, ಮರಾಠಿಯಲ್ಲಿ ಕಾಂಡೋಳ. ಬೇಸಿಗೆಯಲ್ಲಿ ಒಂದೆಲೆಯೂ ಇಲ್ಲದೆ ಬೆಳ್ಳಗೆ ಹೊಳೆಯುತ್ತಾ ನಿಂತಿರುತ್ತದೆ. ತೊಗಟೆಯ ಮೇಲ್ಪದರ ಕಾಗದದಂತೆ ಸುಲಿಯುತ್ತದೆ, ಅದರಡಿ ತಿಳಿ ಹಸಿರು. ಎಲೆ ಇಲ್ಲದ ತಿಂಗಳಲ್ಲಿ ಆ ಹಸಿರೇ ಸ್ವಲ್ಪ ಅಡುಗೆ ಕೆಲಸ ನಡೆಸುತ್ತದೆ. ಕೊಂಬೆಯ ತುದಿಯಲ್ಲಿ ಐದು ಕವಲಿನ ನಕ್ಷತ್ರದಂಥ ಕೆಂಪು ಕಾಯಿ. ಮಖಮಲ್ಲಿನ ಹಾಗೆ ಕಾಣುತ್ತದೆ, ಮುಟ್ಟಿದರೆ ಕೈಗೆ ಮುಳ್ಳುಗೂದಲು ಚುಚ್ಚಿ ಉರಿಯುತ್ತದೆ. ಬೈನಾಕ್ಯುಲರಿನಲ್ಲೇ ನೋಡಿ.

ಕಾಲ ಕೆಳಗೆ

ತೇಗದ ಒಣ ಎಲೆ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಎಷ್ಟೇ ಮೆತ್ತಗೆ ನಡೆದರೂ ಗುಟ್ಟು ಉಳಿಯುವುದಿಲ್ಲ. ಅದಕ್ಕೇ ಎಲೆ ರಾಶಿಯಲ್ಲಿ ನಡೆಯುವುದಕ್ಕಿಂತ ಅದರ ಅಂಚಿನಲ್ಲಿ ಬಗ್ಗಿ ನೋಡುವುದು ವಾಸಿ. ಬಿದ್ದ ತೇಗದ ಎಲೆಗಳಲ್ಲಿ ಕೆಲವು ಬರೀ ಜಾಲರಿಯಾಗಿರುತ್ತವೆ. ನರಗಳಷ್ಟೇ ಉಳಿದು ನಡುವಿನ ಹಸಿರೆಲ್ಲ ಮಾಯ. ಅದು ಕೊಳೆತದ್ದಲ್ಲ. ಎಲೆ ಮರದಲ್ಲಿದ್ದಾಗಲೇ ಒಂದು ಪತಂಗದ ಮರಿಹುಳ ನರ ಬಿಟ್ಟು ತಿರುಳು ಮಾತ್ರ ಕೆರೆದು ತಿಂದ ಗುರುತು. ಪಕ್ಕದಲ್ಲಿ ಉಬ್ಬಿದ ಕಾಗದದ ಗುಳ್ಳೆಯಂಥದ್ದು ಸಿಕ್ಕರೆ ಒತ್ತಿ ನೋಡಿ. ಒಳಗೆ ಗಟ್ಟಿ ಕಾಯಿ ಇರುತ್ತದೆ. ತೇಗದ ಬೀಜ ಅದರಲ್ಲಿ.

ಎಲೆ ರಾಶಿಯಿಂದ ಒಂದು ಎಲೆ ತಾನಾಗಿ ಹಾರಿ, ನಾಲ್ಕು ಮಾರು ದೂರ ಬಿದ್ದು ಮಾಯವಾದರೆ ಅದು ಈವ್ನಿಂಗ್ ಬ್ರೌನ್ ಚಿಟ್ಟೆ. ಬಿದ್ದ ಜಾಗದ ಮೇಲೆ ಕಣ್ಣಿಟ್ಟು ನಿಧಾನ ಹತ್ತಿರ ಹೋಗಿ. ಮಳೆಗಾಲದಲ್ಲಿ ಹುಟ್ಟುವ ಇದೇ ಜಾತಿಯ ಚಿಟ್ಟೆಯ ರೆಕ್ಕೆಯ ಕೆಳಮೈಯಲ್ಲಿ ಕಣ್ಣಿನಂಥ ಬೊಟ್ಟುಗಳಿರುತ್ತವೆ. ಒಣಗಾಲದಲ್ಲಿ ಹುಟ್ಟಿದ್ದಕ್ಕೆ ಬೊಟ್ಟು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಣ ಎಲೆಯ ಬಣ್ಣ, ಎಲೆಯ ನಡುನರದಂಥ ಗೆರೆ ಮಾತ್ರ. ಒಂದೇ ಚಿಟ್ಟೆ, ಕಾಲಕ್ಕೆ ತಕ್ಕ ವೇಷ. ಬೇಸಿಗೆಯಲ್ಲೊಂದು, ಸೆಪ್ಟೆಂಬರಿನಲ್ಲೊಂದು ಫೋಟೋ ತೆಗೆದು ಪಕ್ಕಪಕ್ಕ ಇಟ್ಟರೆ ನೀವೇ ನಂಬುವುದಿಲ್ಲ.

ಮಳೆ ತಾಗದ, ನುಣ್ಣನೆಯ ಧೂಳು ಕೂತ ಜಾಗ ಕಂಡರೆ ಕುಕ್ಕರುಗಾಲಲ್ಲಿ ಕೂರಿ. ಬಂಡೆಯ ಚಾಚು ಕೆಳಗೆ, ದೊಡ್ಡ ಮರದ ಬೇರಿನ ಸಂದಿನಲ್ಲಿ, ಹಳೆ ಗೋಡೆಯ ಬುಡದಲ್ಲಿ ಇಂಥ ಜಾಗ ಇರುತ್ತದೆ. ಅಲ್ಲಿ ಎರಡು ಮೂರು ಸೆಂಟಿಮೀಟರ್ ಅಗಲದ ಕುಳಿಗಳು ಸಾಲಾಗಿ ಕಂಡರೆ ಅವು ಆಂಟ್‌ಲಯನ್ ಹುಳದ ಬಲೆ. ಚಿಕ್ಕಂದಿನಲ್ಲಿ ಮನೆ ಜಗಲಿಯ ಬುಡದಲ್ಲಿ ಇದನ್ನು ಕಡ್ಡಿಯಿಂದ ಕೆದಕದವರು ಯಾರು! ಈಗ ಕೆದಕಬೇಡಿ, ಕಾಯಿರಿ. ಕುಳಿಯ ಗೋಡೆ ಎಷ್ಟು ಕಡಿದಾಗಿದೆ ಅಂದರೆ ಇನ್ನೊಂದು ಕಣ ಕದಲಿದರೂ ಜಾರುತ್ತದೆ. ಇರುವೆ ಅಂಚಿಗೆ ಬಂತು, ಕಾಲು ಜಾರಿತು, ಮೇಲೆ ಹತ್ತಲು ಹೆಣಗಿತು. ಆಗ ತಳದಿಂದ ಚಿಮ್ಮಿ ಧೂಳು ಬರುತ್ತದೆ. ತಳದಲ್ಲಿ ಹುದುಗಿದ ಹುಳ ತಲೆಯಿಂದ ಎರಚುತ್ತಿರುವುದು. ಧೂಳಿನ ಜೊತೆ ಗೋಡೆಯೂ ಕುಸಿದು ಇರುವೆ ಕೆಳಗೆ ಬರುತ್ತದೆ. ಭೂತಗನ್ನಡಿ ಹಿಡಿದಿದ್ದರೆ ಕುಡಗೋಲಿನಂಥ ಎರಡು ದವಡೆ ಒಂದು ಕ್ಷಣ ಕಾಣುತ್ತವೆ. ರಸ ಹೀರಿದ ಮೇಲೆ ಖಾಲಿ ಇರುವೆಯನ್ನು ಕುಳಿಯಿಂದ ಹೊರಗೆ ಎಸೆಯುತ್ತದೆ. ಕುಳಿಯ ಸುತ್ತ ಇರುವೆ ಹೆಣಗಳಿದ್ದರೆ ಒಳಗೆ ಹುಳ ಇದೆ ಅಂತಲೇ. ಇದೇ ಮುಂದೆ ಏರೋಪ್ಲೇನ್ ಚಿಟ್ಟೆಯಂಥ ಉದ್ದ ರೆಕ್ಕೆಯ ಕೀಟವಾಗಿ ಹಾರುತ್ತದೆ. ಮೊದಲ ಮಳೆಗೆ ಬಯಲಿನ ಕುಳಿಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಇದು ಖಂಡಿತ ಬೇಸಿಗೆಯ ನೋಟ.

ಧೂಳಿನಲ್ಲಿ ಹೆಜ್ಜೆಗಳೂ ಇರುತ್ತವೆ. ದುಂಡಗಿನ ಹೆಜ್ಜೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ಹಿಂದಿನ ದೊಡ್ಡ ಗದ್ದುಗೆಯ ಹಿಂಬದಿಯಲ್ಲಿ ಮೂರು ಉಬ್ಬು ಇದ್ದರೆ ಬೆಕ್ಕಿನ ಜಾತಿ. ಅಂಗೈ ಅಗಲದ ಹತ್ತಿರ ಬಂದರೆ ಚಿರತೆ. ಉಗುರು ಮೂಡಿದ್ದರೆ ನಾಯಿ, ಬೊರಿವಲಿಯಲ್ಲಿ ಇದೇ ಜಾಸ್ತಿ. ಬಂಡೆಯ ಮೇಲೆ ಬೀಜಗಳೇ ತುಂಬಿದ ಹಿಕ್ಕೆ ಕಂಡರೆ ಪುನುಗು ಬೆಕ್ಕು ರಾತ್ರಿ ಹಣ್ಣು ತಿಂದು ಹೋಗಿದೆ. ಯಾವ ಹಣ್ಣು ಅಂತ ಬೀಜ ನೋಡಿಯೇ ಹೇಳಬಹುದು. ಕಡ್ಡಿಯಿಂದ ಸರಿಸಿ, ಕೈ ಹಾಕಬೇಡಿ.

ಹೂವಿನ ಎದುರು ಐದು ನಿಮಿಷ

ಕಕ್ಕೆ ಹೂವಿನ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಒಳಗೆ ನೋಡಿದವರು ಕಡಿಮೆ. ಕೈಗೆಟಕುವ ಗೊಂಚಲು ಸಿಕ್ಕರೆ ಕೇಸರಗಳನ್ನು ಎಣಿಸಿ. ಹತ್ತು ಇವೆ, ಆದರೆ ಒಂದೇ ಥರ ಇಲ್ಲ. ಮೂರು ಉದ್ದವಾಗಿ ಬಾಗಿ ಮುಂದೆ ಚಾಚಿವೆ, ನಾಲ್ಕು ನಡುಗಾತ್ರ, ಮೂರು ತೀರಾ ಚಿಕ್ಕವು. ದೊಡ್ಡ ಕಪ್ಪು ದುಂಬಿ ಬಂದು ನಡುವಿನ ಕೇಸರಗಳನ್ನು ತಬ್ಬಿ ಕೂತಾಗ ಕಿವಿಗೊಡಿ. ಹಾರುವಾಗಿನ ಗುಂಯ್ ಸದ್ದು ಒಮ್ಮೆಲೇ ಏರಿ ಸಣ್ಣದಾಗುತ್ತದೆ. ರೆಕ್ಕೆ ಬಡಿಯದೆ ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುವ ವಿದ್ಯೆ ಅದು. ದುಂಬಿ ಊಟ ಕಟ್ಟಿಕೊಳ್ಳುತ್ತಿರುವಾಗ ಉದ್ದ ಕೇಸರಗಳು ಅದರ ಬೆನ್ನಿಗೋ ಪಕ್ಕಕ್ಕೋ ಪರಾಗ ಸವರುತ್ತವೆ.

ಅತ್ತಿ ಮರದ್ದು ಬೇರೆ ಕಥೆ. ಹಣ್ಣು ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿರುತ್ತದೆ. ಬಿಡಿಸಿ ನೋಡಬಾರದು ಅಂತ ಹಿರಿಯರು ಹೇಳುತ್ತಿದ್ದರು. ನೀವು ಬಿದ್ದ ಹಣ್ಣೊಂದನ್ನು ಬಿಡಿಸಿಯೇ ನೋಡಿ. ನಾವು ಹಣ್ಣು ಅನ್ನುವುದರ ಒಳಗೋಡೆಯಲ್ಲೇ ನೂರಾರು ಹೂವುಗಳಿವೆ. ಅಲ್ಲಿ ಓಡಾಡುವ ಪುಟ್ಟ ಕಣಜಗಳೇ ಅವಕ್ಕೆ ಪರಾಗ ತರುವವು. ರೆಕ್ಕೆಯಿದ್ದು ಹಾರಿಹೋಗುವವು ಹೆಣ್ಣು. ಗಂಡಿಗೆ ರೆಕ್ಕೆಯಿಲ್ಲ. ಹೆಣ್ಣಿಗೆ ದಾರಿ ಕೊರೆದುಕೊಟ್ಟು ಹುಟ್ಟಿದಲ್ಲೇ ಸಾಯುತ್ತದೆ.

ಕೊಂಬೆಯಲ್ಲಿ ಹಸಿರೆಲೆಗಳನ್ನೇ ಹೊಲಿದು ಮಾಡಿದ ಉಂಡೆ ಕಂಡರೆ ಚಗಳಿ ಇರುವೆಯ ಗೂಡು. ಕೆಲಸದ ಇರುವೆಗಳು ಎಲೆಯ ಅಂಚು ಎಳೆದು ಹಿಡಿಯುತ್ತವೆ, ಇನ್ನು ಕೆಲವು ತಮ್ಮ ಮರಿಗಳನ್ನೇ ಬಾಯಲ್ಲಿ ಕಚ್ಚಿಕೊಂಡು ಅವುಗಳಿಂದ ಬರುವ ನೂಲಿನಿಂದ ಅಂಟಿಸುತ್ತವೆ. ದೂರದಿಂದಲೇ ನೋಡಿ. ಇದರ ಕಡಿತ ಬಲ್ಲವರಿಗೆ ಹೇಳಬೇಕಾಗಿಲ್ಲ.

ಕಣ್ಣು ಮುಚ್ಚಿ ಕಿವಿ ತೆರೆಯಿರಿ

ಐದು ನಿಮಿಷ ಕಣ್ಣು ಮುಚ್ಚಿ. ನೋಟ್‌ಬುಕ್ಕಿನಲ್ಲಿ ನಡುವೆ ಒಂದು ಚುಕ್ಕೆ ಹಾಕಿ, ಅದು ನೀವು. ಸದ್ದು ಬಂದ ದಿಕ್ಕಿಗೆಲ್ಲ ಒಂದೊಂದು ಗುರುತು ಹಾಕುತ್ತಾ ಹೋಗಿ. ಟುಕ್ ಟುಕ್ ಟುಕ್ ಅಂತ ಒಂದೇ ಸಮನೆ ಕುಟ್ಟುವುದು ಚಿಟ್ಟುಕುಟುರ. ತಲೆ ಆಚೀಚೆ ತಿರುಗಿಸುತ್ತಾ ಕೂಗುವುದರಿಂದ ಸದ್ದಿನ ದಿಕ್ಕು ಬದಲಾದಂತೆ ಅನಿಸುತ್ತದೆ. ಕುಟ್ರೂ ಕುಟ್ರೂ ಅಂತ ಜೋರಾಗಿ ಕೂಗುವುದು ಅದರ ದೊಡ್ಡಣ್ಣ, ಕಂದು ತಲೆಯ ಕುಟುರ. ಒಂದೇ ಮರದಿಂದ ನಾಲ್ಕು ಬೇರೆ ಹಕ್ಕಿಗಳ ಕೂಗು ಸಾಲಾಗಿ ಬಂದರೆ ಅನುಮಾನಪಡಿ. ಭೀಮರಾಜ ಅಣಕಿಸುತ್ತಿರಬಹುದು. ಬಾಲದ ತುದಿಯಲ್ಲಿ ಎರಡು ತಂತಿ, ತಂತಿಯ ಕೊನೆಯಲ್ಲಿ ಗರಿ ಇದ್ದರೆ ಖಾತ್ರಿ. ಮೇ ಕೊನೆಗೆ ಮುಂಜಾನೆ ಪೊದೆಯಿಂದ ಎರಡು ಸ್ವರದ ಸ್ಪಷ್ಟ ಸಿಳ್ಳೆ ಕೇಳಿದರೆ ನವರಂಗ ಬಂತು ಅಂತ ಬರೆದುಕೊಳ್ಳಿ.

ಮುಸುವ ಒಮ್ಮೆಲೇ ಕೆಮ್ಮಿದಂತೆ ಒರಟಾಗಿ ಕೂಗಿದರೆ, ಜಿಂಕೆಯೂ ಚೂಪಾಗಿ ಕೂಗಿ ದನಿಗೂಡಿಸಿದರೆ, ಹತ್ತಿರ ಚಿರತೆ ಇರಬಹುದು. ನೋಡಲು ಮುಂದೆ ಹೋಗುವ ಉತ್ಸಾಹ ಬೇಡ. ಬಂದ ದಾರಿಯಲ್ಲೇ, ಗುಂಪಾಗಿ, ಓಡದೆ ಹಿಂದಿರುಗಿ.

ನೀರಿರುವ ಕಡೆ ಕಾಯಿರಿ

ತುಳಸಿ ಕೆರೆಯ ಕಡೆಯಿಂದ ಹುಟ್ಟಿ ಹರಿಯುವ ದಹಿಸರ ನದಿ ಬೇಸಿಗೆಯಲ್ಲಿ ಅಲ್ಲಲ್ಲಿ ಗುಂಡಿಯಾಗಿ ನಿಲ್ಲುತ್ತದೆ. ಒದ್ದೆ ಮರಳಿನ ಮೇಲೆ ಚಿಟ್ಟೆಗಳು ರೆಕ್ಕೆ ಮಡಚಿ ಗುಂಪಾಗಿ ಕೂತಿದ್ದರೆ ಅವು ಹೆಚ್ಚಾಗಿ ಗಂಡುಗಳು. ಮಣ್ಣಿನ ಉಪ್ಪು ಹೀರುತ್ತಿವೆ. ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ, ಬಿಸಿಲಿಗೆ ಎದುರಾಗಿ ಹತ್ತಿರ ಹೋಗಿ. ಕಪ್ಪು ರೆಕ್ಕೆಯಲ್ಲಿ ನೀಲಿ ಹೊಳೆಯುವ ದೊಡ್ಡ ಚಿಟ್ಟೆ ಬ್ಲೂ ಮಾರ್ಮನ್, 2015ರಿಂದ ಮಹಾರಾಷ್ಟ್ರದ ರಾಜ್ಯ ಚಿಟ್ಟೆ.

ಕಾನ್ಹೇರಿವರೆಗೆ ಹೋದರೆ ಗುಹೆಯ ಶಿಲ್ಪದ ಜೊತೆ ಅಲ್ಲಿಯ ನೀರಿನ ತೊಟ್ಟಿಗಳನ್ನೂ ನೋಡಿ. ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಬಾಳಿದ ಬೌದ್ಧ ಭಿಕ್ಷುಗಳು ಮಳೆನೀರು ಹಿಡಿಯಲು ಬಂಡೆಯಲ್ಲೇ ಕೊರೆದ ತೊಟ್ಟಿಗಳವು. ಬೇಸಿಗೆಯಲ್ಲೂ ಕೆಲವದರಲ್ಲಿ ನೀರಿರುತ್ತದೆ. ಅಂಚಿಗೆ ಜೇನ್ನೊಣ, ಕಣಜ ನೀರಿಗೆ ಬರುತ್ತವೆ. ತಳ್ಳಾಟದ ಭಾನುವಾರ ಬಿಟ್ಟು ವಾರದ ದಿನ ಹೋದರೆ ಅರ್ಧ ಗಂಟೆ ನೆಮ್ಮದಿಯಾಗಿ ಕೂರಬಹುದು.

ಮುಟ್ಟಬಾರದ್ದು, ಮಾಡಬಾರದ್ದು

ಒಣ ಬಳ್ಳಿಯಲ್ಲಿ ಕಂದು ರೋಮದ ಬಾಗಿದ ಕಾಯಿ ಕಂಡರೆ ದೂರವಿರಿ. ನಸುಗುನ್ನಿ. ಗಾಳಿಗೆ ರೋಮ ಹಾರಿ ಬಂದರೂ ಮೈಯೆಲ್ಲ ತುರಿಕೆ. ಕಲ್ಲು ಎತ್ತಬೇಡಿ, ಪೊಟರೆಗೆ ಕೈ ಹಾಕಬೇಡಿ. ಬೇಸಿಗೆಯಲ್ಲಿ ಹಾವು ತಂಪು ಹುಡುಕುತ್ತದೆ. ಒಣಹುಲ್ಲಿನಲ್ಲಿ ಉಣ್ಣಿ ಹುಳ ಇರುತ್ತದೆ, ಮನೆಗೆ ಬಂದು ಮೊದಲು ಸ್ನಾನ, ಬಟ್ಟೆ ನೆನೆಹಾಕಿ. ಗೂಡಿನ ಬಳಿ ಹೆಚ್ಚು ಹೊತ್ತು ನಿಲ್ಲಬೇಡಿ, ತಾಯಿ ಹಕ್ಕಿ ದೂರ ಕೂತು ಕೂಗುತ್ತಿದ್ದರೆ ಅದು ನಿಮಗೇ ಹೇಳುತ್ತಿರುವುದು. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವ ಚಾಳಿ ಬೇಡ.

ಕುಕ್ಕರುಗಾಲಲ್ಲಿ ಕೂರಿ ಅಂತ ಮೇಲೆ ಹೇಳಿದೆ. ಅದು ಚೆನ್ನಾಗಿ ಬೆಳಕಾದ ಮೇಲೆ, ಜೊತೆಗೊಬ್ಬರು ನಿಂತಿರುವಾಗ ಮಾತ್ರ. ಮಬ್ಬಿನಲ್ಲಿ ಬಗ್ಗಿ ಕೂತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿ. ಮಕ್ಕಳನ್ನು ಗುಂಪಿನ ನಡುವೆ ಇಟ್ಟುಕೊಳ್ಳಿ. ಸಂಜೆ ಕತ್ತಲಾಗುವ ಮುಂಚೆ ಹೊರಬನ್ನಿ.

ಕರಂಡೆ ಹಣ್ಣು ಕಂಡರೆ ಕೈ ಚಾಚುವ ಆಸೆ ಎಲ್ಲರಿಗೂ. ಅದು ಹಕ್ಕಿಗೂ ಪುನುಗಿಗೂ ಊಟ, ಉದ್ಯಾನದಲ್ಲಿ ಕೀಳುವಂತೆಯೂ ಇಲ್ಲ. ಮೇ ತಿಂಗಳಲ್ಲಿ ಆದಿವಾಸಿ ಹೆಂಗಸರು ರಸ್ತೆ ಬದಿಯಲ್ಲಿ ಎಲೆಯ ದೊನ್ನೆಯಲ್ಲಿ ಇದನ್ನೇ ಮಾರುತ್ತಾರೆ. ಕರವಂದ ಅಂತ ಕೇಳಿ. ಚೌಕಾಸಿ ಮಾಡದೆ ಕೊಳ್ಳಿ.

ಮನೆಗೆ ಬಂದ ಮೇಲೆ

ಅದೇ ದಿನ ಬರೆಯಿರಿ. ನಾಳೆಗೆ ಬಿಟ್ಟರೆ ಅರ್ಧ ಮರೆತಿರುತ್ತದೆ. ದಿನ, ಹೊತ್ತು, ಜಾಗ, ಕಂಡದ್ದು, ಅದು ಮಾಡುತ್ತಿದ್ದುದು. ಹೆಸರು ಗೊತ್ತಿಲ್ಲದಿದ್ದರೆ "ಬೂದು ತೊಗಟೆ, ಕೆಂಪು ಚಿಗುರು, ಸೇತುವೆ ದಾಟಿ ಬಲಕ್ಕೆ" ಅಂತ ಬರೆದರೂ ಸಾಕು. ಚಿತ್ರ ಬಿಡಿಸಲು ಬರುವುದಿಲ್ಲ ಅನ್ನಬೇಡಿ. ಕೆಟ್ಟ ಚಿತ್ರ ಬಿಡಿಸಲೂ ಒಮ್ಮೆ ಸರಿಯಾಗಿ ನೋಡಲೇಬೇಕು, ನಮಗೆ ಬೇಕಾದದ್ದು ಅಷ್ಟೇ.

ಹೆಸರು ಪತ್ತೆಗೆ ಐನ್ಯಾಚುರಲಿಸ್ಟ್ ಆ್ಯಪ್ ಒಳ್ಳೆಯದು. ಗಿಡವಾದರೆ ಎಲೆಯ ಮೇಲ್ಮೈ, ಕೆಳಮೈ, ತೊಗಟೆ, ಹೂವು ಅಥವಾ ಕಾಯಿ ಹೀಗೆ ಮೂರು ನಾಲ್ಕು ಫೋಟೋ ಹಾಕಿ. ಒಂದೇ ಫೋಟೋ ಹಾಕಿದರೆ ನೋಡುವವರೂ ಊಹೆ ಮಾಡಬೇಕಾಗುತ್ತದೆ. ಆ್ಯಪ್ ಥಟ್ಟನೆ ಹೇಳುವ ಹೆಸರನ್ನು ನಂಬಿ ಕೂರಬೇಡಿ, ಬೇರೆಯವರು ಒಪ್ಪುವವರೆಗೆ ಕಾಯಿರಿ. ಗೂಡು, ಚಿರತೆಯ ಹೆಜ್ಜೆ ಇಂಥವುಗಳ ಜಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಬೇಡಿ. ಮರುದಿನ ಅಲ್ಲಿ ಜಾತ್ರೆ ಸೇರುತ್ತದೆ.

ಮತ್ತೆ ಹೋಗುವಾಗ ಹೊಸ ದಾರಿ ಹುಡುಕದೆ ಅದೇ ಕಿಲೋಮೀಟರಿಗೆ ಹೋಗಿ. ಮಾರ್ಚಿನಲ್ಲಿ ಕೆಂಪಾಗಿದ್ದ ಸಾಗಡೆ ಚಿಗುರು ಮೇ ಹೊತ್ತಿಗೆ ಹಸಿರಾಗಿದೆಯೇ, ಕಕ್ಕೆಗೆ ಉದ್ದ ಕಾಯಿ ಇಳಿದಿದೆಯೇ, ಆಂಟ್‌ಲಯನ್ ಕುಳಿಗಳು ಅಲ್ಲೇ ಇವೆಯೇ ಅಂತ ಹಳೆಯ ಟಿಪ್ಪಣಿ ತೆರೆದು ಹೋಲಿಸಿ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೂ ಒಂದು ಬೆಳಗ್ಗೆ ಹೋಗಿ ಬನ್ನಿ. ಈ ಸಲ ಬ್ಯಾಗಿಗೆ ಕೊಡೆ, ಮತ್ತೆ ಮೊಬೈಲ್ ಹಾಕಲು ಒಂದು ಜಿಪ್ ಚೀಲ.